ಬೀಜ ಬಿದ್ದಿದ್ದು ಯಾವಾಗ? ಆನ್‌ಲೈನಿನಲ್ಲಿ ಕಾಡುಬೀಜ ತರಿಸುವ ಮುಂಚೆ

ಮೂರು ವರ್ಷದ ಹಿಂದೆ, ಡಿಸೆಂಬರ್ ತಿಂಗಳಲ್ಲಿ ನಮ್ಮನೆಗೆ ಒಂದು ಕೊರಿಯರ್ ಬಂತು. ಅಂಗೈಯಗಲದ ಡಬ್ಬಿ. ಒಳಗೆ ಜಿಪ್ ಇರುವ ಪ್ಲಾಸ್ಟಿಕ್ ಕೊಟ್ಟೆ, ಅದರಲ್ಲಿ ಹತ್ತು ರಾಮಪತ್ರೆ ಬೀಜ. ರಾಮಪತ್ರೆ ಅಂದರೆ ಜಾಯಿಕಾಯಿ ಬಳಗದ ಕಾಡುಮರ. 349 ರೂಪಾಯಿ. ಮೇಲೊಂದು ಬಣ್ಣದ ಚೀಟಿ, ಅಳಿವಿನಂಚಿನ ಮರ, ಪಶ್ಚಿಮ ಘಟ್ಟದ ಕಾಡಿನಿಂದ ನೇರ ನಿಮ್ಮ ಮನೆಗೆ ಅಂತ.

ನಮ್ಮ ಮಾವ ಜಗುಲಿಯಲ್ಲಿ ಕೂತಿದ್ದರು. ನಕ್ಕರು. ಶಿರಸಿ ತಾಲೂಕಿನಲ್ಲಿ ಕೂತು ರಾಮಪತ್ರೆ ಬೀಜ ತರಿಸುವುದು ಅಂದರೆ ಸಮುದ್ರದ ದಂಡೆಯಲ್ಲಿ ನಿಂತು ಉಪ್ಪು ಕೊಂಡಂತೆ, ನಿಜವೇ. ಆದರೆ ಆ ವರ್ಷ ನಮ್ಮ ಬೆಟ್ಟದ ಮರ ಕಾಯಿ ಬಿಟ್ಟಿರಲಿಲ್ಲ. ಕೊಟ್ಟಿಗೆ ಹಿಂದೆ ನೆರಳುಬಲೆ ಕಟ್ಟಿ ಮುನ್ನೂರು ಚೀಲ ಮಣ್ಣು ತುಂಬಿಟ್ಟಿದ್ದೆ. ಖಾಲಿ ಚೀಲ ನೋಡುತ್ತಾ ಇರಲು ಆಗಲಿಲ್ಲ. ಮೊಬೈಲಿನಲ್ಲಿ ಕಂಡಿತು, ಒತ್ತಿಬಿಟ್ಟೆ.

ಮಾವ ಒಂದು ಬೀಜ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಗಲಗಲ ಅಂತು. ಅಡಕತ್ತರಿಯಲ್ಲಿ ಅಡ್ಡ ಕತ್ತರಿಸಿದರು. ತಿರುಳು ಚಿಪ್ಪು ಬಿಟ್ಟು ಮುದುಡಿತ್ತು, ಹಳೇ ಗೋಟಡಿಕೆಯಂತೆ ಕಂದಾಗಿತ್ತು, ಮುಗ್ಗಲು ವಾಸನೆ. "ಇದು ಬೀಜ ಅಲ್ದೇ ಕೂಸೆ, ಬೀಜದ ಹೆಣ" ಅಂದರು.

ನಮ್ಮ ಕಡೆ ರಾಮಪತ್ರೆ ಉದುರುವುದು ಬೇಸಿಗೆ ಕೊನೆಗೆ, ಮಳೆ ಹಿಡಿಯುವ ಹೊತ್ತಿಗೆ. ಡಿಸೆಂಬರಿನಲ್ಲಿ ನನ್ನ ಕೈಗೆ ಬಂದ ಬೀಜಕ್ಕೆ ಕಡಿಮೆ ಅಂದರೂ ಐದಾರು ತಿಂಗಳು ವಯಸ್ಸು. ಇದನ್ನು ಲೆಕ್ಕ ಹಾಕಲು ಕಾಲೇಜು ಓದಬೇಕಿರಲಿಲ್ಲ. ಹಾಕಲಿಲ್ಲ ಅಷ್ಟೆ.

ಅವತ್ತಿನಿಂದ ಬೀಜ ಮಾರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಈ ಬೀಜ ಬಿದ್ದಿದ್ದು ಯಾವಾಗ? ದುಡ್ಡು ಉಳಿಸಲು ಕೇಳಲು ಶುರು ಮಾಡಿದ್ದು. ಆಮೇಲೆ ಗೊತ್ತಾಯಿತು, ಕಾಡನ್ನು ಉಳಿಸುವ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಅಂತ.

ಒಣಗಿಸಬಹುದಾದ ಬೀಜ, ಒಣಗಿಸಿದರೆ ಸಾಯುವ ಬೀಜ

ರಾಗಿ, ಭತ್ತ, ಅವರೆಯನ್ನು ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ಮುಂದಿನ ವರ್ಷ ಹುಟ್ಟುತ್ತವೆ. ಬೀಜ ಅಂದರೆ ಹೀಗೇ ಇರುತ್ತದೆ ಅಂತ ನಾವು ತಿಳಿದಿರುತ್ತೇವೆ. ಮಳೆಕಾಡಿನ ಮರಗಳಲ್ಲಿ ಎಷ್ಟೋ ಹಾಗಲ್ಲ. ಅಲ್ಲಿ ಬೀಜ ಬೀಳುವಾಗ ನೆಲ ಒದ್ದೆ ಇರುತ್ತದೆ, ನೆರಳಿರುತ್ತದೆ, ಕಾಯುವ ಅಗತ್ಯವೇ ಇಲ್ಲ. ಹಾಗಾಗಿ ಒಣಗಿ ಬದುಕುವ ಗುಣವೇ ಅವಕ್ಕಿಲ್ಲ. ಮಾವಿನ ಗೊರಟೆ ನೋಡಿದ್ದೀರಲ್ಲ, ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟರೆ ಕತೆ ಮುಗೀತು. ರಾಮಪತ್ರೆ, ಧೂಪ, ನೇರಳೆ, ಮುರುಗಲು, ಸೀತಾ ಅಶೋಕ ಎಲ್ಲ ಈ ಜಾತಿಯೇ. ಬಿದ್ದ ಕೆಲವೇ ವಾರದಲ್ಲಿ ಮಣ್ಣು ಸೇರಬೇಕು.

ಅಂದರೆ, ಇಂಥ ಮರದ ಬೀಜವನ್ನು ವರ್ಷವಿಡೀ ಸ್ಟಾಕ್ ಇದೆ ಅಂತ ಯಾರಾದರೂ ಮಾರುತ್ತಿದ್ದರೆ, ಅವರು ಮಾರುತ್ತಿರುವುದು ಸತ್ತ ಬೀಜ. ಸಾಯುವುದಕ್ಕೋಸ್ಕರವೇ ಅದನ್ನು ಕಾಡಿನಿಂದ ತಂದಿದ್ದಾರೆ. ಮರದ ಕೆಳಗೇ ಬಿಟ್ಟಿದ್ದರೆ ಹತ್ತರಲ್ಲಿ ಒಂದಾದರೂ ಹುಟ್ಟುತ್ತಿತ್ತೇನೋ. ಇಲ್ಲವೇ ಮಂಗಟ್ಟೆ ಹಕ್ಕಿ ಪತ್ರೆ, ಅಂದರೆ ಬೀಜದ ಮೇಲಿನ ಹೊದಿಕೆ, ತಿಂದು ಬೀಜವನ್ನು ದೂರ ಎಲ್ಲೋ ಉಗುಳುತ್ತಿತ್ತು. ಕೊಟ್ಟೆಯೊಳಗೆ ಹುಟ್ಟುವುದು ಸೊನ್ನೆ. ನಾನು ಕೊಟ್ಟ 349 ರೂಪಾಯಿ ಹತ್ತು ಬೀಜದ ಹೆಣಕ್ಕೆ ಕೊಟ್ಟ ಕ್ರಯ.

ಹಾಗಂತ ಎಲ್ಲ ಮರದ ಬೀಜವೂ ಹೀಗಲ್ಲ. ಶ್ರೀಗಂಧದ ಬೀಜ ಒಣಗಿಸಿಟ್ಟರೆ ಕೆಲವು ತಿಂಗಳು ತಡೆಯುತ್ತದೆ. ರಕ್ತಚಂದನದ ಕಾಯಿಯೂ ಒಣಗಿದ್ದೇ. ಇವು ಅಂಚೆಯಲ್ಲಿ ಬರಬಹುದು, ತಪ್ಪಿಲ್ಲ. ಆದರೆ ಶ್ರೀಗಂಧಕ್ಕೆ ಕಾಡಿಗೆ ಹೋಗುವ ಅಗತ್ಯ ಏನಿದೆ? ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ರೈತರ ಜಮೀನಿನ ಗಂಧದ ಮರ ರೈತರದ್ದೇ. ಬಯಲುಸೀಮೆಯ ತೋಟಗಳಲ್ಲಿ ಗಿಡ ಹಣ್ಣು ಬಿಡುತ್ತಿವೆ, ಹಕ್ಕಿ ತಿಂದು ಬೇಲಿ ತುಂಬಾ ಸಸಿ ಎಬ್ಬಿಸುತ್ತಿವೆ. 'ಕಾಡಿನ ಗಂಧದ ಬೀಜ' ಅಂತ ಜಾಸ್ತಿ ರೇಟು ಹಾಕಿದವರನ್ನು ಕಂಡರೆ ಸುಮ್ನೆ ಮುಂದೆ ಹೋಗಿ.

ನಾನೇ ಮಾರಿದ ಕತೆ

ಇದನ್ನು ಹೇಳದೆ ಮುಂದಿನದು ಬರೆಯುವ ಹಕ್ಕು ನನಗಿಲ್ಲ.

ಆ ಡಬ್ಬಿ ಬಂದ ಮರುವರ್ಷ ನನಗೆ ಬುದ್ಧಿ ಹೊಳೆಯಿತು. ಸತ್ತ ಬೀಜ ಮಾರಿ ದುಡ್ಡು ಮಾಡುವವರಿದ್ದಾರೆ, ನಾನು ತಾಜಾ ಬೀಜ ಕಳಿಸಿದರೆ ಎಷ್ಟು ಒಳ್ಳೆಯದು ಅಂತ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದೆ. ಬೆಂಗಳೂರು, ಪುಣೆ, ಮೈಸೂರಿನಿಂದ ಕೇಳಿದರು. ಇನ್ನೂರು ಬೀಜಕ್ಕೆ ಆರ್ಡರ್ ಬಂತು. ಪಕ್ಕದ ಕೇರಿಯ ಒಬ್ಬ ಹುಡುಗನಿಗೆ ಹೇಳಿದೆ, ಒಂದು ಬೀಜಕ್ಕೆ 3 ರೂಪಾಯಿ ಕೊಡುತ್ತೇನೆ ಅಂತ. ಮರುದಿನ ಸಂಜೆಗೇ ಗೋಣಿಚೀಲ ಹೊತ್ತು ಬಂದ. ಒಂದೇ ದಿನದಲ್ಲಿ ಇನ್ನೂರೈವತ್ತು! ಖುಷಿಯಾಗಿ ಎಣಿಸಿ ಕೊಟ್ಟೆ.

ಎಣಿಸುವಾಗಲೇ ಗೊತ್ತಾಗಬೇಕಿತ್ತು. ಬಲಿತ ರಾಮಪತ್ರೆ ಕಾಯಿ ತಾನಾಗಿ ಬಾಯಿ ಬಿಡುತ್ತದೆ. ಒಳಗೆ ಪತ್ರೆ ಕಿತ್ತಳೆ ಬಣ್ಣದ ನೂಲು ಸುತ್ತಿದ ಹಾಗೆ ಇರುತ್ತದೆ. ಅವನು ತಂದ ಕಾಯಿಗಳ ಮೇಲೆ ಕತ್ತಿ ಏಟಿತ್ತು. ಪತ್ರೆ ಪೇಲವವಾಗಿತ್ತು. ಬಿದ್ದದ್ದನ್ನು ಹೆಕ್ಕಿದ್ದಲ್ಲ, ಇಳಿಸಿದ್ದು.

ಎರಡು ದಿನ ಬಿಟ್ಟು ಜಡ್ಡಿ ಕಡೆ ಹೋದೆ. ರಾಮಪತ್ರೆ ಜಡ್ಡಿ ಅಂದರೆ ಕಾನಿನಲ್ಲಿ, ಅಂದರೆ ದಟ್ಟ ಕಾಡಿನಲ್ಲಿ, ವರ್ಷವಿಡೀ ನೀರು ನಿಲ್ಲುವ ತಗ್ಗು, ಬೇರು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿರುತ್ತವೆ. ಮರದ ಎರಡು ದೊಡ್ಡ ಕೊಂಬೆ ನೆಲದ ಮೇಲಿದ್ದವು. ಎಲೆ ಇನ್ನೂ ಪೂರ್ತಿ ಬಾಡಿರಲಿಲ್ಲ. ಕಡಿದ ಜಾಗದಿಂದ ಕೆಂಪು ಸೊನೆ ಕಾಂಡದ ಉದ್ದಕ್ಕೂ ಇಳಿದು ಹೆಪ್ಪುಗಟ್ಟಿತ್ತು. ಕೊಂಬೆಯ ತುದಿಯಲ್ಲಿ ಇನ್ನೂ ಸಣ್ಣ ಕಾಯಿಗಳಿದ್ದವು, ಮುಂದೆ ಬಲಿಯಬೇಕಾಗಿದ್ದವು.

ಹುಡುಗನನ್ನು ಕೇಳಿದೆ. "ಎಣಿಸಿ ದುಡ್ಡು ಕೊಡ್ತೆ ಅಂದ್ರಲ್ಲ ಅಮ್ಮಾ, ಹೆಕ್ತಾ ಕೂತ್ರೆ ವಾರ ಬೇಕು" ಅಂದ. ಅವನ ಮಾತಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಬೀಜಕ್ಕಿಷ್ಟು ಅಂತ ರೇಟು ಕಟ್ಟಿದವಳು ನಾನು. ಕತ್ತಿ ಅವನ ಕೈಯಲ್ಲಿತ್ತು ಅಷ್ಟೆ. ಇನ್ನೊಂದು ಮಾತೂ ಇದೆ: ಆ ಜಡ್ಡಿ ನಮ್ಮದಲ್ಲ, ಅರಣ್ಯ ಇಲಾಖೆಯದ್ದು. ಅಲ್ಲಿಂದ ಪರವಾನಗಿ ಇಲ್ಲದೆ ಬೀಜ ತಂದು ಮಾರುವ ಹಕ್ಕು ನನಗೂ ಇರಲಿಲ್ಲ, ಅವನಿಗೂ ಇರಲಿಲ್ಲ.

ಕಳಿಸಿದ ಬೀಜದಲ್ಲಿ ಹೆಚ್ಚಿನವು ಹುಟ್ಟಲಿಲ್ಲ. ಎಳೆ ಬೀಜ ಹೇಗೆ ಹುಟ್ಟೀತು? ದುಡ್ಡು ವಾಪಸ್ ಕೊಟ್ಟೆ. ಮರಕ್ಕೆ ಕೊಂಬೆ ವಾಪಸ್ ಕೊಡಲು ಆಗಲಿಲ್ಲ. ಹುಳಿಗೆ ಬಳಸುವ ಉಪ್ಪಾಗೆ ಕಾಯಿಗೆ ರೇಟು ಏರಿದಾಗಲೂ ನಮ್ಮ ಕಡೆ ಹೀಗೇ ಕೊಂಬೆ ಕಡಿದು ಕಾಯಿ ಇಳಿಸಿದ್ದರು, ಅಪ್ಪೆಮಿಡಿಗೂ ಹಾಗೇ. ಅದನ್ನೆಲ್ಲ ಬೈದುಕೊಂಡು ಓಡಾಡಿದವಳು ನಾನು!

ಮಾರುವವರಿಗೆ ಏನು ಕೇಳಬೇಕು

ನಾನೀಗ ಕಳಿಸುವ ಸಂದೇಶ ಇದು. ಬೇಕಾದರೆ ಹಾಗೇ ತಗೊಳ್ಳಿ:

"ನಮಸ್ಕಾರ. ಈ ಬೀಜ ಯಾವ ತಿಂಗಳಲ್ಲಿ ಹೆಕ್ಕಿದ್ದು? ಮರ ಯಾರ ಜಾಗದಲ್ಲಿದೆ, ನಿಮ್ಮ ತೋಟವಾ, ಕಾಡಾ? ಕಾಡಾದರೆ ಪರವಾನಗಿ ಯಾರದ್ದು? ಎಷ್ಟು ಮರದಿಂದ ಹೆಕ್ಕಿದ್ದೀರಿ? ಹೆಕ್ಕಿದವರಿಗೆ ದಿನಗೂಲಿಯಾ, ಬೀಜದ ಲೆಕ್ಕವಾ? ಮರದ ಜೊತೆ ಕಾಯಿ ಇರುವ ಫೋಟೊ ಇದ್ದರೆ ಕಳಿಸಿ. ಜಾಗ ಎಲ್ಲಿ ಅಂತ ಹೇಳುವುದು ಬೇಡ."

ಕೊನೆಯ ಸಾಲು ಮುಖ್ಯ. ಅಪರೂಪದ ಗಿಡದ ಜಾಗ ಕೇಳುವುದು ನಮ್ಮ ಕೆಲಸವಲ್ಲ. ಜಿಪಿಎಸ್ ಸಮೇತ ಫೋಟೊ ಹಾಕಿದರೆ ಮರುವಾರ ಇನ್ಯಾರೋ ಗೋಣಿ ಹಿಡಿದು ಹೋಗುತ್ತಾರೆ. ಗಿಡ, ಪ್ರಾಣಿಗಳ ಫೋಟೊ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಆ್ಯಪಿನವರೂ ಅಳಿವಿನಂಚಿನ ಜೀವಿಗಳ ನಿಖರ ಜಾಗ ಕಾಣದಂತೆ ತಾವಾಗೇ ಮಸುಕು ಮಾಡುತ್ತಾರೆ, ಇದೇ ಕಾರಣಕ್ಕೆ.

ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಒಬ್ಬರು ಫೋನ್ ಮಾಡಿ, "ಮೇಡಂ, ಹುಟ್ಟದಿದ್ರೆ ಬೇರೆ ಪ್ಯಾಕೆಟ್ ಕಳಿಸ್ತೀವಿ, ಇಷ್ಟೆಲ್ಲ ಯಾಕೆ ಕೇಳ್ತೀರಿ" ಅಂದರು. ಬೇರೆ ಪ್ಯಾಕೆಟ್ ಅಂದರೆ ಇನ್ನೂ ಹತ್ತು ಬೀಜ ಕಾಡಿನಿಂದ ಹೋಯಿತು ಅಂತಲೇ ಅಲ್ವಾ? ಇನ್ನೊಬ್ಬರು, ಕೊಡಗಿನವರು, ಎರಡು ದಿನ ಬಿಟ್ಟು ಉತ್ತರ ಬರೆದರು: ಕಾಫಿತೋಟದ ಬೇಲಿಯಲ್ಲಿ ಮೂರು ಮರ ಇದೆ, ಜೂನ್ ಎರಡನೇ ವಾರ ಬೀಳಬಹುದು, ಬಿದ್ದರೆ ಹೇಳುತ್ತೇನೆ, ಬೀಳದಿದ್ದರೆ ಇಲ್ಲ. ನಾನು ದುಡ್ಡು ಕೊಡುವುದು ಇಂಥವರಿಗೆ. 'ಬೀಳದಿದ್ದರೆ ಇಲ್ಲ' ಅನ್ನುವ ಬಾಯಿಯನ್ನು ನಂಬಬಹುದು.

ಕಾಡಿನಿಂದ ಹೆಕ್ಕಿದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಾಡಿನಲ್ಲೇ ಬದುಕುವವರಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಅಂಥವರ ಸಂಘದಿಂದ ಬಂದ ಬೀಜ ಕೊಂಡರೆ ದುಡ್ಡು ಸರಿಯಾದ ಕೈಗೆ ಹೋಗುತ್ತದೆ. ತೊಂದರೆ ಇರುವುದು ಹೆಕ್ಕಿದವರಿಗೆ 3 ರೂಪಾಯಿ ಕೊಟ್ಟು 35 ರೂಪಾಯಿಗೆ ಮಾರುವ ನಡುವಿನವರಲ್ಲಿ. ನಾನೂ ಒಂದು ಬೇಸಿಗೆ ಆ ನಡುವಿನವಳಾಗಿದ್ದೆ.

ಪಂಚಾಯ್ತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರುತ್ತದೆ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ. ವ್ಯಾಪಾರಕ್ಕೆ ಅಂತ ಸಂಗ್ರಹ ಮಾಡುವವರಿಂದ ಶುಲ್ಕ ತಗೊಳ್ಳುವ ಅಧಿಕಾರ ಅದಕ್ಕಿದೆ. ಮಾರುವವರು ದೊಡ್ಡ ಪ್ರಮಾಣದವರಾದರೆ ಇದನ್ನೂ ಕೇಳಿ. ಬಹಳ ಜನಕ್ಕೆ ಹೀಗೊಂದು ಸಮಿತಿ ಇದೆ ಅಂತಲೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಎಷ್ಟು ಹೆಕ್ಕಿದರೆ ಸರಿ

ಬೀಜ ಬ್ಯಾಂಕಿನವರು, ಇಂಗ್ಲೆಂಡಿನ ಕ್ಯೂ ತೋಟದ ಮಿಲೇನಿಯಂ ಸೀಡ್ ಬ್ಯಾಂಕ್ ಥರದವರು, ಪಾಲಿಸುವ ಒಂದು ಲೆಕ್ಕವಿದೆ: ಆ ದಿನ ಬಲಿತಿರುವ ಬೀಜದಲ್ಲಿ 20 ಪರ್ಸೆಂಟಿಗಿಂತ ಜಾಸ್ತಿ ಮುಟ್ಟಬಾರದು. ಐದರಲ್ಲಿ ಒಂದು. ನೂರು ಬಿದ್ದಿದ್ದರೆ ಇಪ್ಪತ್ತು.

ಕೇಳಲು ಸುಲಭ. ಆದರೆ ಬೆಳಿಗ್ಗೆ ನಾನು ಇಪ್ಪತ್ತು ಹೆಕ್ಕಿ, ಮಧ್ಯಾಹ್ನ ಇನ್ನೊಬ್ಬ ಬಂದು ಉಳಿದದ್ದರಲ್ಲಿ ಐದನೇ ಒಂದು ಹೆಕ್ಕಿ, ಸಂಜೆ ಮತ್ತೊಬ್ಬ ಬಂದರೆ? ಎಲ್ಲರೂ ನಿಯಮ ಪಾಲಿಸಿದರು, ಅರ್ಧ ಬೀಜ ಹೋಯಿತು. ಅದಕ್ಕೇ ಈ ಲೆಕ್ಕವನ್ನು ಮೇಲಿನ ಮಿತಿ ಅಂತ ತಿಳಿಯಬೇಕು, ನಮ್ಮ ಪಾಲು ಅಂತಲ್ಲ. ಮರಗಳೇ ಬೆರಳೆಣಿಕೆ ಇದ್ದರೆ ಐದರಲ್ಲಿ ಒಂದೂ ಜಾಸ್ತಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಗೇರಿನ ಕುಟುಂಬದ ಒಂದು ಮರವಿದೆ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ವಿಜ್ಞಾನಿಗಳು ಅದನ್ನು ಗುರುತಿಸಿ ಹೆಸರಿಟ್ಟಿದ್ದೇ 2000ದಲ್ಲಿ. ಊರಿನ ಹೆಸರನ್ನೇ ಹೊತ್ತ ಮರ. ಅಂಥದರ ಬೀಜ ಮೊಬೈಲಿನಲ್ಲಿ ಮಾರಾಟಕ್ಕೆ ಕಂಡರೆ, ಅದು ನಿಜವೋ ಸುಳ್ಳೋ ಅಂತ ಯೋಚಿಸುವುದೂ ಬೇಡ. ಸುಳ್ಳಾದರೆ ಮೋಸ, ನಿಜವಾದರೆ ಇನ್ನೂ ಕೆಟ್ಟದ್ದು.

ಹೆಸರು ನೋಡಿ ಮರುಳಾಗಬೇಡಿ

'ಅಶೋಕ ಬೀಜ' ಅಂತ ಕೊಂಡು ಕಂಬದ ಹಾಗೆ ನೆಟ್ಟಗೆ ಬೆಳೆಯುವ ಶೋ ಮರ ಬೆಳೆಸಿದವರು ಎಷ್ಟು ಜನವೋ. ಅದು ಸೀತಾಫಲದ ಕುಟುಂಬದ್ದು. ಸೀತಾ ಅಶೋಕ ಬೇರೆ, ಅದರ ತೊಗಟೆ ಅಶೋಕಾರಿಷ್ಟಕ್ಕೆ ಹೋಗಿ ಹೋಗಿ ಕಾಡಿನಲ್ಲಿ ಮರ ಕಡಿಮೆಯಾಗಿದೆ. ಫೋಟೊದಲ್ಲೇ ಗೊತ್ತಾಗುತ್ತದೆ: ಸೀತಾ ಅಶೋಕಕ್ಕೆ ಚಪ್ಪಟೆ ಕೋಡು, ಒಳಗೆ ಹೆಬ್ಬೆರಳಷ್ಟು ಅಗಲದ ಚಪ್ಪಟೆ ಬೀಜ. ಶೋ ಮರದ್ದು ಮೊಟ್ಟೆಯಾಕಾರ, ಸುತ್ತಲೂ ಉದ್ದಕ್ಕೆ ಒಂದು ಗೆರೆ ಕೊರೆದ ಹಾಗಿರುತ್ತದೆ.

'ಹೆಣ್ಣು ಗಿಡ ಗ್ಯಾರಂಟಿ' ಅಂತ ಬರೆದಿದ್ದರೆ ಅಲ್ಲಿಗೇ ಬಿಡಿ. ರಾಮಪತ್ರೆ, ಉಪ್ಪಾಗೆ, ಮುರುಗಲು, ಮರದರಿಶಿನ ಎಲ್ಲದರಲ್ಲೂ ಗಂಡು ಬೇರೆ ಹೆಣ್ಣು ಬೇರೆ. ಬೀಜ ನೋಡಿ ಅದನ್ನು ಹೇಳಲು ಬರುವುದಿಲ್ಲ. ಹೂ ಬಿಡುವವರೆಗೆ ಕಾಯಬೇಕು.

ಇನ್ನು ಆರ್ಕಿಡ್ ಬೀಜ. ನೂರು ಬೀಜ 99 ರೂಪಾಯಿ, ನೀಲಿ, ಕಪ್ಪು, ಕಾಮನಬಿಲ್ಲಿನ ಬಣ್ಣ. ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆಯ ಒಣಗಿದ ಕಾಯಿ ಒಡೆದು ನೋಡಿದ್ದೀರಾ? ಒಳಗಿರುವುದು ಹಿಟ್ಟು. ಊದಿದರೆ ಹಾರಿಹೋಗುತ್ತದೆ. ಆ ಬೀಜದಲ್ಲಿ ಊಟವೇ ಇಲ್ಲ. ಕಾಡಿನಲ್ಲಿ ಒಂದು ಜಾತಿ ಶಿಲೀಂಧ್ರ ಅದಕ್ಕೆ ಉಣಿಸಬೇಕು, ಇಲ್ಲವೇ ಪ್ರಯೋಗಾಲಯದ ಬಾಟಲಿಯಲ್ಲಿ ಎಬ್ಬಿಸಬೇಕು. ಸಾಸಿವೆಯಂಥ ಕಾಳು ಬಂದರೆ ಅದು ಆರ್ಕಿಡ್ ಅಲ್ಲ, ಬಹುಶಃ ಯಾವುದೋ ಸೊಪ್ಪು.

ಕಾನೂನು, ಸ್ವಲ್ಪದರಲ್ಲಿ

1972ರ ವನ್ಯಜೀವಿ ಕಾಯ್ದೆ ಹುಲಿ ಆನೆಗೆ ಮಾತ್ರ ಅಲ್ಲ. 1991ರಲ್ಲಿ ಗಿಡಗಳನ್ನೂ ಸೇರಿಸಿದರು. ಮೇಘಾಲಯದ ಹುಳ ಹಿಡಿಯುವ ಹೂಜಿ ಗಿಡ, ನೀಲಿ ವಾಂಡಾ, ಕೆಂಪು ವಾಂಡಾ, ಲೇಡೀಸ್ ಸ್ಲಿಪ್ಪರ್ ಆರ್ಕಿಡ್, ಕೋಷ್ಠ, ಬೆಡ್ಡೋಮ್ ಸೈಕಸ್, ಹೀಗೆ ಆರು. 2022ರ ತಿದ್ದುಪಡಿಯಲ್ಲಿ ಪಟ್ಟಿ ಮೂರನೇ ಅನುಸೂಚಿಗೆ ಹೋಯಿತು, ಉದ್ದವೂ ಆಯಿತು. ಕಾಡಿನಿಂದ ಇವನ್ನು ಕೀಳುವುದು, ಲೈಸೆನ್ಸ್ ಇಲ್ಲದೆ ಬೆಳೆಸುವುದು, ಮಾರುವುದು ಅಪರಾಧ. 'ಹೂಜಿ ಗಿಡದ ಬೀಜ' ಅಂತ ತಾರಸಿ ತೋಟದವರು ತರಿಸಿಕೊಳ್ಳುವಾಗ ಇದು ತಲೆಯಲ್ಲಿರಲಿ.

ವಿದೇಶದಿಂದ ತರಿಸುವುದಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಆಮದು ಪರವಾನಗಿ ಬೇಕು, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 'ಗಿಫ್ಟ್' ಅಂತ ಬರೆದು ಲಕೋಟೆಯಲ್ಲಿ ಕಳಿಸುತ್ತೇವೆ ಅನ್ನುವವರು ನಿಮ್ಮನ್ನು ಕಳ್ಳಸಾಗಣೆಗೆ ಸೇರಿಸಿಕೊಳ್ಳುತ್ತಿದ್ದಾರೆ. ರೋಗ, ಕಳೆ ಜೊತೆಗೆ ಬಂದರೆ ಅನುಭವಿಸುವುದು ಪಕ್ಕದ ತೋಟದವರು.

ಬಂದ ಮೇಲೆ

ಸರಿಯಾಗಿ ಕಳಿಸಿದ ತಾಜಾ ಬೀಜ ತೆಂಗಿನ ನಾರಿನ ಪುಡಿಯಲ್ಲೋ ಪಾಚಿಯಲ್ಲೋ ಇರುತ್ತದೆ. ಹಿಂಡಿದರೆ ನೀರು ಬರಬಾರದು, ಮುಟ್ಟಿದರೆ ತಂಪಿರಬೇಕು. ಅಲ್ಲಾಡಿಸಿ ನೋಡಿ, ಸದ್ದು ಬರಬಾರದು. ಹತ್ತು ಬಂದರೆ ಒಂದನ್ನು ಕತ್ತರಿಸಿ ನೋಡಿ. ತಿರುಳು ಚಿಪ್ಪಿಗೆ ಒತ್ತಿಕೊಂಡು ಗಟ್ಟಿಯಾಗಿದ್ದರೆ ಜೀವ ಇದೆ. ನೀರಿಗೆ ಹಾಕಿ ಮುಳುಗಿದ್ದು ಒಳ್ಳೆಯದು, ತೇಲಿದ್ದು ಕೆಟ್ಟದ್ದು ಅನ್ನುವ ಪರೀಕ್ಷೆಯನ್ನು ಕಾಡುಬೀಜದಲ್ಲಿ ನಾನು ನಂಬುವುದಿಲ್ಲ. ತೇಲಿದ್ದು ಹುಟ್ಟಿದ್ದೂ ಇದೆ.

ರಾಮಪತ್ರೆಯಾದರೆ ಪತ್ರೆ ಬಿಡಿಸಿ, ತೊಳೆದು, ಅದೇ ದಿನ ಮರಳಿನಲ್ಲಿ ಅಡ್ಡ ಮಲಗಿಸಿ. ಬಿಸಿಲು ತೋರಿಸಬೇಡಿ. ಮೇಲೆ ಒಣಎಲೆ ಹಾಸಿ, ಮರಳು ಒಣಗಲು ಬಿಡಬೇಡಿ. ತಿಂಗಳಾದರೂ ಏನೂ ಕಾಣಲಿಲ್ಲ ಅಂತ ಕೆದಕಬೇಡಿ. ನಾನು ಕೆದಕಿ ಎರಡು ಮೊಳಕೆ ಮುರಿದಿದ್ದೇನೆ.

ಎದ್ದ ಸಸಿಯನ್ನು ನಿಮ್ಮ ತೋಟದಲ್ಲಿ, ಹಿತ್ತಿಲಲ್ಲಿ ನೆಡಿ. ಕಾನಿಗೆ ಹೋಗಿ ನೆಡಬೇಡಿ. ಎಲ್ಲಿಯದೋ ಗೊತ್ತಿಲ್ಲದ ಬೀಜವನ್ನು ಬೀಜದುಂಡೆ ಮಾಡಿ ಕಾಡಿಗೆ ಎಸೆಯುವ ಉತ್ಸಾಹ ಜೂನ್ ಬಂತೆಂದರೆ ಎಲ್ಲರಿಗೂ ಹತ್ತುತ್ತದೆ. ಒಂದೇ ಜಾತಿಯಾದರೂ ಆಯಾ ಜಾಗದ ಮರ ಆಯಾ ಮಳೆಗೆ, ಮಣ್ಣಿಗೆ ಒಗ್ಗಿರುತ್ತದೆ. ಇರುವ ನಾಲ್ಕು ಮರದ ತಳಿಯನ್ನು ಕಲಸುವುದು ಬೇಡ.

ಬೀಜವೇ ಯಾಕೆ ಬೇಕು ಅಂತಲೂ ಒಮ್ಮೆ ಕೇಳಿಕೊಳ್ಳಿ. ಒಂದು ರಾಮಪತ್ರೆ ಗಿಡ ಬೇಕಾದವರಿಗೆ ಹತ್ತು ಬೀಜ ಬೇಡ, ಒಂದು ಸಸಿ ಸಾಕು. ಮಳೆ ಶುರುವಾಗುವಾಗ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಇದೆ, ಅಲ್ಲಿ ಕೇಳಿ. ಔಷಧಿ ಗಿಡಕ್ಕೆ ಬೆಂಗಳೂರಿನವರು ಯಲಹಂಕ ಕಡೆಯ ಎಫ್‌ಆರ್‌ಎಲ್‌ಎಚ್‌ಟಿ ಅನ್ನುವ ಔಷಧಿ ಗಿಡಗಳ ಸಂಸ್ಥೆಯಲ್ಲಿ ವಿಚಾರಿಸಬಹುದು. ಬೀಜ ಉಳಿಸುವ ವನಸ್ತ್ರೀ ಸಂಘದ ಹೆಂಗಸರು ನಡೆಸುವ ಮಲೆನಾಡು ಮೇಳಕ್ಕೆ ಬಂದರೆ ತರಕಾರಿ, ಹೂವಿನ ಬೀಜವೆಲ್ಲ ಬೆಳೆದವರ ಕೈಯಿಂದಲೇ ಸಿಗುತ್ತದೆ. ಯಾವಾಗ ಕೊಯ್ದಿದ್ದು ಅಂತ ಕೇಳಿದರೆ ವಾರ ಸಮೇತ ಹೇಳುತ್ತಾರೆ, ಜೊತೆಗೆ ಅಡುಗೆ ಹೇಗೆ ಮಾಡುವುದು ಅಂತಲೂ.

ನಾನು ಈಗಲೂ ಬೀಜ ಕಳಿಸುತ್ತೇನೆ, ನಮ್ಮ ತೋಟದ ಅಂಚಿನ ಎರಡು ಮರದ್ದು ಮಾತ್ರ. ಅದೇ ಹುಡುಗ ಬರುತ್ತಾನೆ. ಈಗ ದಿನಗೂಲಿ. ಕತ್ತಿ ತರುವುದಿಲ್ಲ, ಬುಟ್ಟಿ ತರುತ್ತಾನೆ. ಹೋದ ಬೇಸಿಗೆ ನಾಲ್ಕು ದಿನ ಹೆಕ್ಕಿ ಮೂವತ್ತೊಂದು ಬೀಜ ಸಿಕ್ಕಿತು. ಕೂಲಿ, ಕೊರಿಯರ್, ನಾರಿನ ಪುಡಿ ಎಲ್ಲ ಸೇರಿಸಿದರೆ ನನಗೆ ಲುಕ್ಸಾನೇ. ಕೇಳಿದವರು ನಲವತ್ತಾರು ಜನ. ಆರು ಜನಕ್ಕೆ ಐದೈದು ಕಳಿಸಿದೆ, ಉಳಿದವರಿಗೆ ಈ ವರ್ಷ ಇಲ್ಲ ಅಂದೆ. ಒಂದು ಬೀಜ ಹೆಚ್ಚಾಯಿತಲ್ಲ, ಅದನ್ನು ಹುಡುಗ ಜೇಬಿಗೆ ಹಾಕಿಕೊಂಡು ಹೋದ. ಅವರ ಮನೆ ಬಾವಿ ಹತ್ತಿರ ಹಾಕಿದ್ದಾನಂತೆ. ಇನ್ನೂ ಎದ್ದಿಲ್ಲ, ಕೆದಕಬೇಡ ಅಂದಿದ್ದೇನೆ.